ಪ್ಲೇಟಿನ ಮೇಲೆ ಬೆರಳು

ಕೇಳುಗರಿಗೆ ನಮಸ್ಕಾರ.

ಗ್ರಾಮಫೋನ್ ಪ್ಲೇಟು ಹಿಡಿಯುವುದು ಹೇಗೆ ಅಂತ ಮನೆಯ ಹಿರಿಯರು ಹೇಳಿಕೊಟ್ಟಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಅಂಚು ಮಾತ್ರ ಹಿಡಿಯಬೇಕು, ಗೆರೆಗಳಿಗೆ ಬೆರಳು ತಾಗಬಾರದು. ಅಮೆರಿಕದಲ್ಲೂ ಇದೇ ನಿಯಮವಿತ್ತು. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಯುವಕರೊಬ್ಬರು ಬೇಕಂತಲೇ ಅದನ್ನು ಮುರಿದರು. ಅವರೇ ಜೋಸೆಫ್ ಸ್ಯಾಡ್ಲರ್. ತಾಳದ ಮೇಲೆ ಪ್ರಾಸದ ಮಾತು ಹರಿಸುವ ಹಿಪ್‌ಹಾಪ್ ಸಂಗೀತ ಕೇಳುವವರಿಗೆ ಅವರು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್.

ಹುಟ್ಟಿದ್ದು 1958ರ ಜನವರಿ 1ರಂದು, ಬಾರ್ಬಡೋಸ್ ದ್ವೀಪದಲ್ಲಿ. ಬೆಳೆದಿದ್ದು ಬ್ರಾಂಕ್ಸ್‌ನಲ್ಲಿ. ಅಪ್ಪನಿಗೆ ಪ್ಲೇಟುಗಳೆಂದರೆ ಪ್ರಾಣ. ಮಗ ಕದ್ದುಮುಚ್ಚಿ ಅವನ್ನು ಮುಟ್ಟಿ ಏಟು ತಿನ್ನುತ್ತಿದ್ದ. ಮನೆಯಲ್ಲಿದ್ದ ವಿದ್ಯುತ್ ಸಾಮಾನುಗಳನ್ನೂ ಬಿಚ್ಚಿ ನೋಡದೆ ಬಿಡುತ್ತಿರಲಿಲ್ಲ. ಕೊನೆಗೆ ಸ್ಯಾಮ್ಯುಯೆಲ್ ಗಾಂಪರ್ಸ್ ಎಂಬ ವೃತ್ತಿಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತ. ಈ ಓದೇ ಮುಂದಿನ ಎಲ್ಲದಕ್ಕೂ ತಳಪಾಯ ಅಂತ ನನಗನ್ನಿಸುತ್ತದೆ.

ಆಗ ಬ್ರಾಂಕ್ಸ್‌ನ ದೊಡ್ಡ ಹೆಸರು ಡಿಜೆ ಕೂಲ್ ಹರ್ಕ್. ಡಿಜೆ ಎಂದರೆ ಪಾರ್ಟಿಗಳಲ್ಲಿ ಪ್ಲೇಟು ನುಡಿಸಿ ಜನರನ್ನು ಕುಣಿಸುವವರು. 1973ರ ಆಗಸ್ಟ್ 11ರಂದು ಅವರು ತಂಗಿಗಾಗಿ ನಡೆಸಿಕೊಟ್ಟ ಪಾರ್ಟಿಯನ್ನೇ ಹಿಪ್‌ಹಾಪ್‌ನ ಹುಟ್ಟುಹಬ್ಬ ಎನ್ನುತ್ತಾರೆ. ಹರ್ಕ್ ಒಂದು ವಿಷಯ ಗಮನಿಸಿದ್ದರು. ಹಾಡಿನ ನಡುವೆ ದನಿ, ಗಿಟಾರು ಎಲ್ಲ ನಿಂತು ಬರೀ ಡ್ರಮ್ ನುಡಿಯುವ ಜಾಗವಿರುತ್ತದಲ್ವಾ, ಅದಕ್ಕೆ ಬ್ರೇಕ್ ಎನ್ನುತ್ತಾರೆ. ಕುಣಿಯುವವರು ಕಾಯುತ್ತಿದ್ದುದೇ ಅದಕ್ಕೆ. ಹಾಗಾಗಿ ಹರ್ಕ್ ಒಂದು ಬ್ರೇಕ್ ಮುಗಿಯುತ್ತಿದ್ದಂತೆ ಇನ್ನೊಂದು ಪ್ಲೇಟಿನ ಮೇಲೆ ಮುಳ್ಳು ಇಡುತ್ತಿದ್ದರು. ಆದರೆ ಮುಳ್ಳು ಇಡುವುದು ಅಂದಾಜಿನ ಮೇಲೆ. ಒಂದು ತಾಳ ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಕಾಲು ತಪ್ಪುತ್ತಿತ್ತು.

ಫ್ಲ್ಯಾಶ್‌ಗೆ ಈ ತಪ್ಪು ಸಹಿಸಲಾಗಲಿಲ್ಲ. ಪ್ಲೇಟು ನಿಮಿಷಕ್ಕೆ 33 ಸುತ್ತು ಚಿಲ್ಲರೆ ತಿರುಗುತ್ತದೆ. ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಹತ್ತು ಸೆಕೆಂಡಿನ ಬ್ರೇಕ್ ಎಂದರೆ ಐದೂವರೆ ಸುತ್ತು. ಹಾಗಿದ್ದರೆ ಮುಳ್ಳು ಎತ್ತುವುದೇಕೆ? ಬ್ರೇಕ್ ಶುರುವಾಗುವ ಜಾಗಕ್ಕೆ ಬಣ್ಣದ ಕಡ್ಡಿಯಿಂದ ಗುರುತು ಹಾಕು, ಬೆರಳಿನಿಂದ ಪ್ಲೇಟನ್ನು ಅಷ್ಟೇ ಸುತ್ತು ಹಿಂದಕ್ಕೆ ತಿರುಗಿಸು, ಬಿಡು. ಆ ಹೊತ್ತಿಗೆ ಪಕ್ಕದ ಯಂತ್ರದಲ್ಲಿ ಅದೇ ಪ್ಲೇಟಿನ ಇನ್ನೊಂದು ಪ್ರತಿ ನುಡಿಯುತ್ತಿರುತ್ತದೆ. ಹತ್ತು ಸೆಕೆಂಡಿನ ಬ್ರೇಕ್ ಹತ್ತು ನಿಮಿಷವಾದರೂ ತಾಳ ಜಗ್ಗುವುದಿಲ್ಲ.

ಹೇಳುವುದು ಸುಲಭ. ಕೆಳಗಿನ ರಬ್ಬರ್ ಹಾಸು ಪ್ಲೇಟನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಹಿಂದಕ್ಕೆ ತಿರುಗಿಸುವುದು ಹೇಗೆ? ಅವರ ಅಮ್ಮ ಬಟ್ಟೆ ಹೊಲಿಯುತ್ತಿದ್ದವರು. ಫ್ಲ್ಯಾಶ್ ಫೆಲ್ಟ್ ಬಟ್ಟೆಯನ್ನು ಪ್ಲೇಟಿನಷ್ಟೇ ಅಗಲಕ್ಕೆ ಕತ್ತರಿಸಿ, ಗಂಜಿ ಹಾಕಿ, ಇಸ್ತ್ರಿ ಮಾಡಿ ಬಿಗಿಯಾಗಿಸಿದರು. ಈಗ ಕೆಳಗಿನ ತಟ್ಟೆ ತಿರುಗುತ್ತಿದ್ದರೂ ಮೇಲಿನ ಪ್ಲೇಟು ಬೆರಳಿನ ಮಾತು ಕೇಳುತ್ತಿತ್ತು. ಪ್ಲೇಟು ನುಡಿಸುವ ಡಿಜೆಗಳು ಇಂದು ಬಳಸುವ ಸ್ಲಿಪ್‌ಮ್ಯಾಟ್, ಅಂದರೆ ಪ್ಲೇಟು ಜಾರುವ ಹಾಸು, ಈ ಗಂಜಿ ಹಾಕಿದ ಬಟ್ಟೆಯಂಥದ್ದೇ. ಇನ್ನು, ಮುಂದಿನ ಪ್ಲೇಟನ್ನು ಜನರಿಗೆ ಕೇಳಿಸುವ ಮೊದಲು ತಾನೊಬ್ಬನೇ ಹೆಡ್‌ಫೋನಿನಲ್ಲಿ ಕೇಳಬೇಕಲ್ಲ. ಅದಕ್ಕೆ ಎರಡು ಪ್ಲೇಟುಗಳ ಸದ್ದು ಬೆರೆಸುವ ಮಿಕ್ಸರಿಗೆ ತಾವೇ ಒಂದು ಸ್ವಿಚ್ ಕೂರಿಸಿಕೊಂಡರು.

ಇಷ್ಟೆಲ್ಲ ಮಾಡಿ ಮೊದಲ ಸಲ ಜನರ ಮುಂದೆ ನುಡಿಸಿದಾಗ ಯಾರೂ ಕುಣಿಯಲಿಲ್ಲ. ಸುಮ್ನೆ ನಿಂತು ನೋಡಿದರು. ಮನೆಗೆ ಹೋಗಿ ಅತ್ತುಬಿಟ್ಟೆ ಅಂತ ಫ್ಲ್ಯಾಶ್ ಆಮೇಲೆ ಹೇಳಿಕೊಂಡಿದ್ದಾರೆ. ಕೈಚಳಕದ ಜೊತೆ ಜನರನ್ನು ಹುರಿದುಂಬಿಸುವ ದನಿಯೂ ಬೇಕು ಅಂತ ಆಗ ಹೊಳೆಯಿತು. ಕೌಬಾಯ್ ಎಂಬ ಹೆಸರಿನವರು ಮೈಕ್ ಹಿಡಿದರು. ಮೆಲಿ ಮೆಲ್, ಕಿಡ್ ಕ್ರಿಯೋಲ್, ಮುಂದೆ ಇನ್ನಿಬ್ಬರು ಸೇರಿದರು. ಹೀಗೆ ಫ್ಯೂರಿಯಸ್ ಫೈವ್ ಎಂಬ ಐವರ ತಂಡ ಆಯಿತು. ಒಂದು ಮಾತು ಸೇರಿಸಬೇಕು. ಪ್ಲೇಟನ್ನು ಹಿಂದೆ ಮುಂದೆ ಉಜ್ಜಿ ಹೊರಡಿಸುವ ಸ್ಕ್ರ್ಯಾಚ್ ಸದ್ದಿನ ಕೀರ್ತಿ ಫ್ಲ್ಯಾಶ್ ಸುತ್ತಲಿದ್ದ ಡಿಜೆ ಬಳಗದ ಕಿರಿಯ ಹುಡುಗ ಗ್ರ್ಯಾಂಡ್ ವಿಝರ್ಡ್ ಥಿಯೊಡೋರ್‌ಗೆ ಸಲ್ಲಬೇಕು.

ಮೈಕ್ ಹಿಡಿದು ತಾಳಕ್ಕೆ ಪ್ರಾಸದ ಮಾತು ಹೇಳುವುದೇ ರ‍್ಯಾಪ್. ಅದರ ಧ್ವನಿಮುದ್ರಿಕೆಗಳು ಬರತೊಡಗಿದಾಗ ಡಿಜೆಯೇ ಮಾಯವಾದರು. 1979ರ ಮೊದಲ ದೊಡ್ಡ ಯಶಸ್ಸಿನಲ್ಲಿ ತಾಳ ನುಡಿಸಿದ್ದು ಸ್ಟುಡಿಯೋದ ವಾದ್ಯಗಾರರು. 1982ರಲ್ಲಿ ಫ್ಲ್ಯಾಶ್ ಹೆಸರಿನಲ್ಲಿ ಬಂದ 'ದಿ ಮೆಸೇಜ್' ಬಡತನದ ಬೀದಿಗಳ ಕಥೆ ಹೇಳಿ ರ‍್ಯಾಪ್‌ನ ದಾರಿಯನ್ನೇ ಬದಲಿಸಿತು. ಅಷ್ಟು ದೊಡ್ಡ ಹಾಡಿನಲ್ಲಿ ಫ್ಲ್ಯಾಶ್ ಕೈ ಇಲ್ಲವೇ ಇಲ್ಲ. ಹಾಡಿದ್ದು ಮೆಲಿ ಮೆಲ್ ಮತ್ತು ಡ್ಯೂಕ್ ಬೂಟಿ. ಮುಂದೆ ದುಡ್ಡಿನ ಜಗಳ ಎದ್ದಿತು, ತಂಡ ಒಡೆಯಿತು, ಹೆಸರಿಗಾಗಿ ಕೋರ್ಟಿಗೂ ಹೋಗಬೇಕಾಯಿತು.

ಅವರ ಕೈಯನ್ನೇ ಕೇಳಬೇಕೆಂದರೆ 1981ರ ವ್ಹೀಲ್ಸ್ ಆಫ್ ಸ್ಟೀಲ್ ಮುದ್ರಿಕೆ ಕೇಳಿ. ಏಳು ನಿಮಿಷ ಚಿಲ್ಲರೆ. ಪ್ಲೇಟು ತಿರುಗಿಸುವ ಮೂರು ಟರ್ನ್‌ಟೇಬಲ್, ಬೇರೆಯವರ ಪ್ಲೇಟುಗಳು, ಒಬ್ಬನೇ ಮನುಷ್ಯ. ನಡುವೆ ತಪ್ಪಿದರೆ ಆ ತುಂಡನ್ನಷ್ಟೇ ತಿದ್ದಲು ಅವರು ಒಪ್ಪಲಿಲ್ಲ, ಮತ್ತೆ ಮೊದಲಿಂದ ನುಡಿಸಿದರು. ಶೀಕ್ ತಂಡದ ಬಾಸ್ ಗಿಟಾರು ನುಡಿಯುತ್ತಿದ್ದಂತೆ ಕ್ವೀನ್ ತಂಡದ ಬಾಸ್ ಒಳಗೆ ಬರುವ ಜಾಗಕ್ಕೆ ಕಿವಿ ಕೊಡಿ. ಹೊಲಿಗೆ ಎಲ್ಲಿದೆ ಅಂತ ಹುಡುಕಿದರೂ ಸಿಗುವುದಿಲ್ಲ.

2007ರಲ್ಲಿ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನೂ ಫ್ಯೂರಿಯಸ್ ಫೈವ್ ಬಳಗವನ್ನೂ ಸೇರಿಸಿಕೊಂಡಿತು. ಅಲ್ಲಿಗೆ ಹೋದ ಮೊದಲ ಹಿಪ್‌ಹಾಪ್ ತಂಡ ಅದು. 2019ರಲ್ಲಿ ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿ ಬಂತು. ಆ ವರ್ಷ ಅದೇ ಪ್ರಶಸ್ತಿ ಪಡೆದವರಲ್ಲಿ ಪಿಟೀಲು ವಾದಕಿ ಆನ್ ಸೋಫಿ ಮುಟ್ಟರ್ ಕೂಡ ಇದ್ದರು.

ನಮಸ್ಕಾರ.