ನಮ್ಮ ಕೆಲಸದ ಬೆಲೆ ನಮಗೆ ಗೊತ್ತಿರಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬಳ್ಳಾರಿಯ ಜೀನ್ಸ್ ಪ್ಯಾಂಟು ಊರೂರಿಗೆ ಹೋಗುತ್ತದೆ. ಒಂದು ಪ್ಯಾಂಟು ಅಂಗಡಿ ಸೇರುವ ಹೊತ್ತಿಗೆ ಎಷ್ಟೋ ಕೈ ದಾಟಿರುತ್ತದೆ. ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್ ಸಾಮಾನ್ಯವಾಗಿ ಗಂಡಸು. ಜೇಬು, ಜಿಪ್ಪು, ಬೆಲ್ಟು ಕೂಡಿಸುವ ಮಷಿನ್‌ಗಳಲ್ಲಿ ಗಂಡಸರೂ ಇರುತ್ತಾರೆ, ಹೆಂಗಸರೂ ಇರುತ್ತಾರೆ. ಕೊನೆಗೆ ಕೂತು ದಾರದ ತುದಿ ಕತ್ತರಿಸುವ ಕಡೆ ಬಂದರೆ ಹೆಚ್ಚುಕಡಿಮೆ ಎಲ್ಲರೂ ಹೆಂಗಸರೇ. ಕೂಲಿಯೂ ಅಲ್ಲೇ ಕಡಿಮೆ. ರಾಯಚೂರಿನ ಆಫೀಸಿಗೆ ಹೋಗಿ, ಕೊಪ್ಪಳದ ಕಾರ್ಖಾನೆಗೆ ಹೋಗಿ, ಮೇಲಿನ ಕುರ್ಚಿಗಳ ಕಡೆ ಒಮ್ಮೆ ನೋಡಿ. ಅಲ್ಲೂ ಲೆಕ್ಕ ಬಹಳ ಬೇರೆ ಇರುವುದಿಲ್ಲ.

ಯಾಕೆ ಹೀಗೆ ಅಂತ ಕೇಳಿದರೆ, "ಹೆಂಗಸರಿಗೆ ಧೈರ್ಯ ಸಾಲದು" ಎನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಸಂತೆಯಲ್ಲಿ ಹತ್ತು ರೂಪಾಯಿಗೆ ಚೌಕಾಸಿ ಮಾಡುವವಳು ಅವಳೇ. ಸ್ತ್ರೀಶಕ್ತಿ ಸಂಘದಲ್ಲಿ ಎಲ್ಲರೆದುರು ಲೆಕ್ಕ ಒಪ್ಪಿಸುವವಳೂ ಅವಳೇ. ಅದೇ ಹೆಣ್ಣುಮಗಳಿಗೆ ಮಾಲೀಕರ ಮುಂದೆ ನಿಂತರೆ ಬಾಯಿ ಕಟ್ಟುತ್ತದೆ. ಸಂತೆಯಲ್ಲಿ ಬದನೆಕಾಯಿಯ ಬೆಲೆ ಅವಳಿಗೆ ಗೊತ್ತು. ಇಲ್ಲಿ ತನ್ನ ಕೆಲಸದ ಬೆಲೆ ಗೊತ್ತಿಲ್ಲ. ಇಷ್ಟೇ ವ್ಯತ್ಯಾಸ ಅಂತ ನನಗೆ ಅನಿಸುತ್ತದೆ.

ನನಗೆ ಪರಿಚಯದ ಒಬ್ಬ ಹೆಣ್ಣುಮಗಳು ಜೀನ್ಸ್ ಯೂನಿಟ್‌ನಲ್ಲಿ ಹೊಲಿಯುತ್ತಿದ್ದಳು. ಮನೆಯ ಕ್ಯಾಲೆಂಡರಿನಲ್ಲಿ ದಿನಾ ಬರೆದಿಡುತ್ತಿದ್ದಳು. ಇವತ್ತು ಎಷ್ಟು ಬಂಡಲ್ ಹೊಲಿದೆ, ಎಷ್ಟು ಪೀಸ್ ರಿಪೇರಿಗೆ ವಾಪಸ್ ಬಂತು, ಅಷ್ಟೇ. ಹಾಲಿನ ಲೆಕ್ಕದ ಪಕ್ಕದಲ್ಲೇ ಇದೂ ಇರುತ್ತಿತ್ತು. ಒಂದು ಪಗಾರದ ದಿನ ಆ ಹಾಳೆ ಹರಿದುಕೊಂಡು ಹೋಗಿ ಮಾಲೀಕರ ಮುಂದೆ ಇಟ್ಟಳು. "ಅಣ್ಣಾ, ಈ ತಿಂಗಳು ನಂದು ಒಂದು ಪೀಸೂ ವಾಪಸ್ ಬಂದಿಲ್ಲ. ಚೆಕಿಂಗ್ ಕೆಲಸ ನನಗೆ ಕೊಟ್ಟು ನೋಡ್ರಿ" ಅಂದಳು. "ಹುಡುಗರು ನಿನ್ನ ಮಾತು ಕೇಳ್ತಾರೇನಮ್ಮ?" ಅಂತ ಅವರು ಕೇಳಿದರು. "ಹದಿನೈದು ದಿನ ಕೊಡ್ರಿ. ಕೇಳದಿದ್ರೆ ವಾಪಸ್ ಮಷಿನ್‌ಗೆ ಹೋಗ್ತೀನಿ" ಅಂದಳು. ಈಗ ಅವಳು ಸೀಮೆಸುಣ್ಣದಲ್ಲಿ ಗುರುತು ಹಾಕದೆ ಅಲ್ಲಿಂದ ಒಂದು ಬಂಡಲ್ಲೂ ಹೊರಗೆ ಹೋಗುವುದಿಲ್ಲ.

ಬಾಯಿ ಇದ್ದವರು ಬರಗಾಲದಲ್ಲೂ ಬದುಕಿದರು ಅಂತಾರಲ್ವಾ? ಆದರೆ ಅವಳ ಕೈಯಲ್ಲಿ ಹಾಳೆಯೂ ಇತ್ತು. ಅದನ್ನು ಮರೆಯಬೇಡಿ.

ಆಫೀಸಿನಲ್ಲಿ ಇರುವವರ ಲೆಕ್ಕ ಬೇರೆ ಥರ. ಸರ್ಕಾರಿ ನೌಕರಿಯಲ್ಲಿ ಬಡ್ತಿಗೆ ಇಲಾಖಾ ಪರೀಕ್ಷೆ ಪಾಸಾಗಬೇಕಾಗುತ್ತದೆ. "ಮಗುವಿನ ಪರೀಕ್ಷೆ ಮುಗಿಯಲಿ, ಆಮೇಲೆ ನಂದು" ಅಂತ ಮುಂದೂಡುವ ತಾಯಂದಿರು ಎಷ್ಟು ಜನ! ಅಷ್ಟರಲ್ಲಿ ಜೊತೆಗೆ ಸೇರಿದವರು ಮೇಲೆ ಹೋಗಿರುತ್ತಾರೆ. ಮಗುವಿನ ಜೊತೆಗೇ ಕೂತು ಓದಿ. ಆ ಒಂದು ಗಂಟೆ ಅಡುಗೆಮನೆ ಕಡೆ ನೋಡುವವರು ಯಾರು ಅಂತ ಮನೆಯಲ್ಲಿ ಮೊದಲೇ ಮಾತಾಡಿ. ಗಂಡಂದಿರೂ ಈಗ ರೇಡಿಯೋ ಕೇಳುತ್ತಿರಬಹುದು. ಅಣ್ಣಂದಿರೇ, ಇದು ನಿಮಗೂ ಹೇಳಿದ ಮಾತು.

ನಮ್ಮ ಹೆಣ್ಣುಮಕ್ಕಳು ಹೆಚ್ಚು ಹಿಂದೆ ಬೀಳುವುದು ಹೆರಿಗೆಯ ಹೊತ್ತಿನಲ್ಲಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಸಿಗಬೇಕು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಬಂದದ್ದು ಇದು. ಹೆರಿಗೆಗೆ ಮುಂಚಿನ ಒಂದು ವರ್ಷದಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. 50 ಜನ ಇದ್ದಲ್ಲಿ ಕೂಸಿನ ಮನೆಯೂ ಇರಬೇಕು. ಇದು ಯಾರೂ ಕೊಡುವ ಉಪಕಾರ ಅಲ್ಲ. ಸುಮ್ನೆ ಕೆಲಸ ಬಿಟ್ಟು ಹೋಗಬೇಡಿ. ರಜೆಗೆ ಹೋಗುವ ಮುಂಚೆಯೇ, ವಾಪಸ್ ಬಂದಾಗ ಯಾವ ಕೆಲಸ ಅಂತ ಕೇಳಿ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಎಷ್ಟೋ ಜನ ಸೂಪರ್‌ವೈಸರ್ ಆಗಿ ಹೋಗಿ, ಮತ್ತೆ ಕೆಳಗಿನ ಕೆಲಸದಿಂದ ಶುರು ಮಾಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮಾತು. ಕೆಲಸದ ಜಾಗದಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ ಅದು ನಿಮ್ಮ ತಪ್ಪಲ್ಲ. ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನಂತೆ ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಇಂಥ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, ಅದಕ್ಕೆ ಅಧ್ಯಕ್ಷೆ ಹೆಂಗಸೇ ಆಗಿರಬೇಕು. ಚಿಕ್ಕ ಯೂನಿಟ್‌ನವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಮೂರು ತಿಂಗಳ ಒಳಗೆ ಕೊಡಬೇಕು. ದಿಕ್ಕು ತೋಚದಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಇನ್ನು ಸಂಬಳ ಜಾಸ್ತಿ ಕೇಳುವ ವಿಷಯ. ಕೇಳಿದ ಕೂಡಲೇ ಹೂಂ ಅನ್ನುವವರು ಕಡಿಮೆ. "ಈಗ ಆಗಲ್ಲಮ್ಮ" ಅಂದರೆ ಕಣ್ಣಲ್ಲಿ ನೀರು ತಂದುಕೊಂಡು ಬರಬೇಡಿ. "ನಾನು ಇನ್ನೇನು ಕಲಿಯಬೇಕು, ಯಾವಾಗ ಮತ್ತೆ ಬರಲಿ?" ಅಂತ ಅಲ್ಲೇ ಕೇಳಿ. ಅವರು ಹೇಳಿದ ತಾರೀಕು ಬರೆದಿಟ್ಟುಕೊಳ್ಳಿ. ಆ ದಿನ ಬೆಳಿಗ್ಗೆಯೇ ಹೋಗಿ ನಿಲ್ಲಿ.

ನಮಸ್ಕಾರ.