ಆಷಾಢದಲ್ಲಿ ಬಾಗಿಲು ತೆರೆಸಿದವರು

ನಮಸ್ಕಾರ. ಮದುವೆಗಳ ಕಾಲ ಮುಗಿದು ಆಷಾಢ ಕಾಲಿಟ್ಟ ಮೇಲೆ ಒಮ್ಮೆ ಹೊಲಿಗೆ ಅಂಗಡಿಗೆ ಬಂದು ಕುಳಿತು ನೋಡಿ. ವೈಶಾಖದಲ್ಲಿ ರಾತ್ರಿ ಹನ್ನೊಂದರವರೆಗೆ ಓಡಿದ ಯಂತ್ರದ ಮೇಲೆ ಬಟ್ಟೆ ಹೊದಿಸಿರುತ್ತದೆ. ಅಳತೆ ಪುಸ್ತಕದಲ್ಲಿ ಹೊಸ ಪುಟ ತಿರುಗುವುದಿಲ್ಲ. ಫಾಲ್ಸ್ ಹಚ್ಚಲು ಕೊಟ್ಟ ಒಂದೆರಡು ಸೀರೆ, ಹಳೆಯ ಬ್ಲೌಸ್ ಸಡಿಲ ಮಾಡಿಸಿಕೊಳ್ಳಲು ಬಂದ ಒಬ್ಬ ಅಜ್ಜಿ, ಅಷ್ಟೇ. ಬಾಡಿಗೆ ಮಾತ್ರ ಆಷಾಢ, ಶ್ರಾವಣ ನೋಡುವುದಿಲ್ಲ.

ನಾನು ಅರಸೀಕೆರೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಅಂಗಡಿ ಹಾಕಿದ ಎರಡನೆಯ ವರ್ಷದ ಆಷಾಢದಲ್ಲಿ ನಾನು ಕುಸಿದುಬಿಟ್ಟೆ. ಒಂಬತ್ತಕ್ಕೆ ತೆರೆಯುತ್ತಿದ್ದ ಬಾಗಿಲು ಹತ್ತೂವರೆಗೆ ಬಂತು, ಆಮೇಲೆ ಹನ್ನೆರಡಕ್ಕೆ. ಒಂದು ದಿನ ಮನೆಯಲ್ಲೇ ಉಳಿದೆ. ಮರುದಿನವೂ ಉಳಿದೆ. ಯಾರೂ ಏಕೆಂದು ಕೇಳಲಿಲ್ಲ. ಸ್ವಂತ ಉದ್ಯೋಗದ ನಿಜವಾದ ಕಷ್ಟ ಇರುವುದೇ ಅಲ್ಲಿ. ನೌಕರಿ ಮಾಡುವವರಿಗೆ ಹಾಜರಿ ಪುಸ್ತಕವಿದೆ, ಮೇಲಿನವರ ಕಣ್ಣಿದೆ, ಪಕ್ಕದ ಮೇಜಿನವರ ಮಾತಿದೆ. ನಮ್ಮ ಗೈರುಹಾಜರಿ ಯಾರಿಗೂ ಕಾಣುವುದಿಲ್ಲ. ತಿಂಗಳ ಕೊನೆಯಲ್ಲಿ ಗಲ್ಲಾಪೆಟ್ಟಿಗೆಗೆ ಮಾತ್ರ ಕಾಣುತ್ತದೆ.

ಮೂರನೆಯ ದಿನ ಒಂದು ಫೋನ್ ಬಂತು. ಸೊಸೈಟಿಯಿಂದ ಪಿಗ್ಮಿ, ಅಂದರೆ ದಿನದಿನದ ಉಳಿತಾಯದ ಹಣ, ಕಟ್ಟಿಸಿಕೊಳ್ಳಲು ಬರುವವರು. "ಅಕ್ಕಾ, ಎರಡು ದಿನದಿಂದ ಬಾಗಿಲು ಹಾಕಿದೆಯಲ್ಲ, ಮೈಗೆ ಹುಷಾರಿಲ್ಲವೇ? ನಾಳೆ ಏಳಕ್ಕೆ ಬರುತ್ತೇನೆ, ಇರುತ್ತೀರಲ್ಲ?" ಇರುತ್ತೇನೆ ಎಂದೆ. ಮಾತು ಕೊಟ್ಟ ಮೇಲೆ ಇರಲೇಬೇಕಾಯಿತು. ಸಂಜೆ ಐವತ್ತು ರೂಪಾಯಿ ಕೊಡಬೇಕಲ್ಲ ಎಂದು ಮರುದಿನ ಬೆಳಗ್ಗೆಯೇ ಬಾಗಿಲು ಎತ್ತಿದೆ. ಆ ದಿನ ಬಂದದ್ದು ಒಂದೇ ಕೆಲಸ, ಒಂದು ಚೀಲಕ್ಕೆ ಜಿಪ್ ಹಾಕುವುದು. ಆದರೂ ಸಂಜೆ ಏಳಕ್ಕೆ ಅವರು ಬಂದು ಚೀಟಿ ಹರಿದು ಕೊಟ್ಟಾಗ, ಆ ದಿನಕ್ಕೆ ಒಂದು ಲೆಕ್ಕ ಸಿಕ್ಕಿತು ಅನ್ನಿಸಿತು.

ಈ ಪಿಗ್ಮಿ ಹುಟ್ಟಿದ ಕಥೆಯನ್ನು ನಾನು ಆಮೇಲೆ ತಿಳಿದುಕೊಂಡೆ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ ಸೇರಿ ಒಂದು ಬ್ಯಾಂಕ್ ಕಟ್ಟಿದರು. ಕೈಮಗ್ಗ ನೆಲಕಚ್ಚಿ ಕಂಗಾಲಾಗಿದ್ದ ನೇಕಾರರಿಗೆ ನೆರವಾಗುವುದು ಅದರ ಉದ್ದೇಶ. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಆರಂಭಿಸಿದರು. ದಿನಕ್ಕೆ 2 ಆಣೆ ಕೊಟ್ಟರೂ ಸಾಕು, ಬ್ಯಾಂಕಿನ ಪ್ರತಿನಿಧಿಯೇ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಎಲ್ಲರೂ ಅದನ್ನು ಉಳಿತಾಯದ ಯೋಜನೆ ಎನ್ನುತ್ತಾರೆ. ನನಗೆ ಅದರಲ್ಲಿ ಕಾಣುವುದು ಇನ್ನೊಂದು: ಒಬ್ಬಂಟಿಯಾಗಿ ದುಡಿಯುವವರ ಬಾಗಿಲಿಗೆ ದಿನವೂ ಅದೇ ಹೊತ್ತಿಗೆ ಒಬ್ಬ ಮನುಷ್ಯ ಬರುತ್ತಾನೆ. ಇಂದು ಮೊಬೈಲಿನಲ್ಲಿ ಒತ್ತಿದರೆ ಹಣ ಖಾತೆಗೆ ಹೋಗುತ್ತದೆ, ನಿಜ. ಆದರೆ ಬಾಗಿಲು ಏಕೆ ಹಾಕಿದೆ ಎಂದು ಮೊಬೈಲ್ ಕೇಳುವುದಿಲ್ಲ.

ಅದೇ ತಿಂಗಳು ಇನ್ನೊಬ್ಬರು ಬಂದರು, ನನಗೆ ತರಬೇತಿ ಕೊಟ್ಟ ಸಂಸ್ಥೆಯ ಮೇಡಂ. ನಾನು ಹೊಲಿಗೆ ಕಲಿತದ್ದು ಜಿಲ್ಲೆಯ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ. ಊಟ, ವಸತಿ ಎಲ್ಲವೂ ಉಚಿತ. ಇದಕ್ಕೆ ಮಾದರಿಯಾದದ್ದು 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆ. ಕೇಂದ್ರ ಸರ್ಕಾರ ಅದನ್ನು ನೋಡಿಯೇ ದೇಶದ ಜಿಲ್ಲೆ ಜಿಲ್ಲೆಗೂ ವಿಸ್ತರಿಸಿತು. ಅದರ ಹೆಚ್ಚುಗಾರಿಕೆ ಹೊಲಿಗೆ ಕಲಿಸುವುದರಲ್ಲಿಲ್ಲ, ಹೊಲಿಗೆಯನ್ನು ಓಣಿಯ ಯಾವ ಅಕ್ಕನಾದರೂ ಕಲಿಸಿಯಾಳು. ತರಬೇತಿ ಮುಗಿದ ಮೇಲೂ ಎರಡು ವರ್ಷ ಬೆನ್ನ ಹಿಂದೆ ಇರುತ್ತಾರೆ, ಅದು ದೊಡ್ಡದು.

ಬಂದ ಮೇಡಂ ನನ್ನ ಗೋಳನ್ನೆಲ್ಲ ಕೇಳಿಸಿಕೊಂಡರು. ಧೈರ್ಯದ ಮಾತು ಒಂದನ್ನೂ ಆಡಲಿಲ್ಲ. ಎದ್ದು ಹೋಗಿ ಗೋಡೆಯ ಕಂಬಿಗೆ ನೇತುಹಾಕಿದ್ದ ಬಟ್ಟೆಗಳನ್ನು ಎಣಿಸಿದರು. ಹೊಲಿದು, ಹುಕ್ ಹಚ್ಚಿ, ಇಸ್ತ್ರಿ ಮಾಡಿ, ಯಾರೂ ಒಯ್ಯದೆ ಉಳಿದ 23 ಬ್ಲೌಸುಗಳು. "ಲೈನಿಂಗ್ ಬಟ್ಟೆ ನಿಮ್ಮ ದುಡ್ಡಿನದೇ?" ಎಂದರು. ಹೌದು ಎಂದೆ. "ಮುಂಗಡ ಎಷ್ಟು ತೆಗೆದುಕೊಂಡಿದ್ದೀರಿ?" ನಾನು ತೆಗೆದುಕೊಂಡೇ ಇರಲಿಲ್ಲ. ಗುರುತಿನವರ ಹತ್ತಿರ ಹೇಗೆ ಕೇಳುವುದು ಎಂಬ ಸಂಕೋಚ. ಆಗ ನನಗೆ ಅರ್ಥವಾಯಿತು. ನಾನು ಉತ್ಸಾಹ ಬತ್ತಿತು ಎಂದುಕೊಂಡಿದ್ದೆ, ನನ್ನ ಎರಡು ತಿಂಗಳ ದುಡಿಮೆ ಆ ಕಂಬಿಗೆ ನೇತಾಡುತ್ತಿತ್ತು. ಅವರು ಕುಳಿತಿದ್ದಾಗಲೇ ಏಳು ಮನೆಗೆ ಫೋನ್ ಮಾಡಿಸಿದರು. ಅಂದಿನಿಂದ ಅರ್ಧ ಹಣ ಮುಂಗಡ ಕೊಡದವರ ಬಟ್ಟೆಗೆ ನಾನು ಕತ್ತರಿ ಹಾಕುವುದಿಲ್ಲ.

ಹಾಗಾಗಿ, ವೇದಿಕೆ ಹತ್ತಿ ಎರಡು ತಾಸು ಹುರಿದುಂಬಿಸಿ ಸಾವಿರಾರು ರೂಪಾಯಿ ಶುಲ್ಕ ಪಡೆಯುವವರ ಮೇಲೆ ನನಗೆ ನಂಬಿಕೆ ಇಲ್ಲ. ಚಪ್ಪಾಳೆ ಹೊಡೆಸಿ ಹೋದವರು ಮುಂದಿನ ತಿಂಗಳು ಬಂದು ನಿಮ್ಮ ಕಂಬಿಯ ಮೇಲಿನ ಬಟ್ಟೆ ಎಣಿಸುತ್ತಾರೆಯೇ? ಮನೆಯವರೂ ಈ ಕೆಲಸಕ್ಕೆ ಆಗುವುದಿಲ್ಲ, ಇದನ್ನು ಪ್ರೀತಿಯಿಂದಲೇ ಹೇಳುತ್ತೇನೆ. ನನ್ನ ತಾಯಿಗೆ ನಾನು ಸೋತೆ ಎಂದರೆ "ಬಿಡು ಮಗಳೇ, ಆರೋಗ್ಯ ಮುಖ್ಯ" ಎನ್ನುವುದು ಮಾತ್ರ ಗೊತ್ತು. ಗಂಡನಿಗೆ ಸಾಲದ ಕಂತಿನ ಭಯ. ಒಬ್ಬರು ಸಮಾಧಾನ ಹೇಳುತ್ತಾರೆ, ಇನ್ನೊಬ್ಬರು ಹೆದರುತ್ತಾರೆ. ಲೆಕ್ಕ ಕೇಳಲು ಸ್ವಲ್ಪ ದೂರದವರೇ ಬೇಕು.

ತರಬೇತಿಯಲ್ಲಿ ನಮಗೊಂದು ಆಟ ಆಡಿಸಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿ, ಎಡಗೈಯಿಂದ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಬೇಕು. ಮೊದಲು ಒಬ್ಬಳೇ ಪೇರಿಸಿದೆ, ಐದನೆಯ ತುಂಡಿಗೆ ಗೋಪುರ ಬಿತ್ತು. ಎರಡನೆಯ ಸಲ ಪಕ್ಕದಲ್ಲಿ ಒಬ್ಬಳನ್ನು ನಿಲ್ಲಿಸಿದರು. ಅವಳು ತುಂಡುಗಳನ್ನು ಮುಟ್ಟುವಂತಿಲ್ಲ, ಬಾಯಲ್ಲಿ ಹೇಳಬಹುದು. "ಸ್ವಲ್ಪ ಬಲಕ್ಕೆ. ಸಾಕು. ಈಗ ಬಿಡು." ಹನ್ನೊಂದು ತುಂಡು ನಿಂತಿತು. ಕೈ ನನ್ನದೇ, ಎಡಗೈಯೇ.

ಇಂಥ ಆಟಗಳ ಹಿಂದೆ ಅಮೆರಿಕದ ಮನಃಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲಂಡ್ ಅವರ ಕೆಲಸವಿದೆ. 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳನ್ನು ಹೈದರಾಬಾದಿಗೆ ಕರೆಸಿ, ಸಾಧನೆಯ ಹಂಬಲವನ್ನು ಕಲಿಸಬಹುದೇ ಎಂದು ಅವರ ತಂಡ ಪ್ರಯೋಗ ನಡೆಸಿತು. ತರಬೇತಿ ಪಡೆದವರು ಇತರರಿಗಿಂತ ಹೆಚ್ಚು ಹೊತ್ತು ದುಡಿದರು, ಹೊಸ ಬಂಡವಾಳ ಹೂಡಿದರು. ಅವರೆಲ್ಲ ಒಂದೇ ಊರಿನವರು ಎಂಬುದನ್ನು ನಾನು ಮರೆಯುವುದಿಲ್ಲ. ಮರಳಿ ಅದೇ ಪೇಟೆಗೆ ಬಂದು, ದಿನ ಬೆಳಗಾದರೆ ಒಬ್ಬರ ಮುಖ ಒಬ್ಬರು ನೋಡಬೇಕಾಗಿದ್ದವರು. ತರಗತಿಯಷ್ಟೇ ಆ ನೋಟವೂ ಅವರನ್ನು ದುಡಿಸಿರಬೇಕು ಎಂದು ನನ್ನ ಅನಿಸಿಕೆ.

ಕುಶಲಕರ್ಮಿಗಳಿಗಾಗಿ 2023ರಲ್ಲಿ ಬಂದ ಕೇಂದ್ರ ಸರ್ಕಾರದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಗಳೂ ಇದ್ದಾರೆ. ಸಲಕರಣೆಗೆ 15,000 ರೂಪಾಯಿ, ಮೊದಲ ಹಂತದಲ್ಲಿ 1 ಲಕ್ಷದವರೆಗೆ ಶೇ. 5ರ ಬಡ್ಡಿಯ ಸಾಲ. ಬೇಕಾದದ್ದೇ, ಅರ್ಹರು ಬಿಡಬೇಡಿ. ಆದರೆ ಹಣ ಕೊಡುವ ಪ್ರತಿ ಯೋಜನೆಗೂ ನನ್ನದೊಂದು ಬೇಡಿಕೆಯಿದೆ. ಹೊಸ ಯಂತ್ರ ಬಂದ ಮೇಲೆ, ಮೊದಲ ಆಷಾಢ ಕಳೆಯುವವರೆಗಾದರೂ, ಆ ಅಂಗಡಿಗೆ ತಿಂಗಳಿಗೊಮ್ಮೆ ಒಬ್ಬ ಮನುಷ್ಯನನ್ನು ಕಳುಹಿಸಿ. ಎಷ್ಟು ಜನರಿಗೆ ಯಂತ್ರ ಕೊಟ್ಟೆವು ಎಂದು ಬರೆಯುವ ಪುಸ್ತಕದಲ್ಲೇ, ಎಷ್ಟು ಯಂತ್ರಗಳು ಎರಡು ವರ್ಷದ ಮೇಲೂ ಓಡುತ್ತಿವೆ ಎಂದು ಬರೆಯಿರಿ.

ನನ್ನ ಎರಡು ವರ್ಷ ಮುಗಿದಾಗ ಮೇಡಂ ಬರುವುದು ನಿಂತಿತು. ಆಗ ನಾನೇ ಒಬ್ಬರನ್ನು ಹುಡುಕಿಕೊಂಡೆ. ನಮ್ಮ ಬೀದಿಯ ತುದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವಾಕೆ. ನನ್ನ ಕಸುಬಿನವಳಲ್ಲ, ಹಾಗಾಗಿ ನಡುವೆ ಪೈಪೋಟಿ ಇಲ್ಲ. ತಿಂಗಳ ಮೊದಲ ಭಾನುವಾರ ಗಿರಣಿ ನಿಲ್ಲಿಸಿದ ಮೇಲೆ ನಾವು ಪುಸ್ತಕ ಬದಲಾಯಿಸಿಕೊಳ್ಳುತ್ತೇವೆ. ನನ್ನ ಲೆಕ್ಕ ಅವಳು ಓದುತ್ತಾಳೆ, ಅವಳ ಕರೆಂಟ್ ಬಿಲ್ಲು, ಉದ್ರಿ ನಾನು ಓದುತ್ತೇನೆ. ಮೊದಲ ಸಲ ನಾಚಿಕೆಯಾಗಿತ್ತು, ಸಂಪಾದನೆ ಇಷ್ಟೇ ಎಂದು ತೋರಿಸಿಕೊಳ್ಳುವುದು ಸುಲಭವಲ್ಲ. ಅವಳು ನನ್ನ ಪುಸ್ತಕದ ಮೇಲೆ ಹಿಟ್ಟು ಮೆತ್ತಿದ ಬೆರಳಿಟ್ಟು, "ಇದೇನೇ, ಮೇ ತಿಂಗಳಲ್ಲಿ ನೂಲಿಗೆ ಇಷ್ಟು?" ಎಂದಳು. ಆ ಬೆರಳ ಗುರುತು ಇನ್ನೂ ಆ ಪುಟದಲ್ಲಿದೆ.

ಈ ವರ್ಷವೂ ಆಷಾಢ ಬಂದಿದೆ. ಕಂಬಿಯ ಮೇಲೆ ಈಗ ನಾಲ್ಕು ಬ್ಲೌಸುಗಳಿವೆ, ಅದರಲ್ಲೊಂದು ಗಿಳಿಹಸಿರು ರೇಷ್ಮೆಯದು, ಕೊಟ್ಟವರು ಫೋನ್ ಎತ್ತುತ್ತಿಲ್ಲ. ಭಾನುವಾರ ಅವಳು ಮೊದಲು ಕೇಳುವುದೇ ಅದನ್ನು. ಅಷ್ಟರೊಳಗೆ ನಾನೇ ಆ ಮನೆಗೆ ಒಯ್ದು ಕೊಟ್ಟು ಬರುತ್ತೇನೆ. ಏಳಾಗುತ್ತಾ ಬಂತು, ಪಿಗ್ಮಿಯವರು ಬರುವ ಹೊತ್ತು. ನಮಸ್ಕಾರ.