ಮಾಡ್ಬೇಕು, ಮಾಡ್ತೀನಿ

ನಮಸ್ಕಾರ. ಸಿಲ್ಕ್ ಬೋರ್ಡ್ ಸಿಗ್ನಲ್ ದಾಟಿ, ಸಂಜೆ ಆರೂವರೆಗೆ ಇಲ್ಲಿ ಬಂದು ಕೂತಿದ್ದೀರಲ್ಲ, ಆ ತಾಳ್ಮೆಗೆ ಇನ್ನೊಂದು ನಮಸ್ಕಾರ.

ನಮ್ಮಲ್ಲಿ ಕೋಚಿಂಗ್ ಅಂದರೆ ಇವತ್ತಿಗೂ ಸಿಇಟಿ, ನೀಟ್. ವಿಜಯನಗರದಲ್ಲಿ ನಾನೊಂದು ಬೋರ್ಡು ಹಾಕಿದರೆ ಕೆಎಎಸ್‌ಗೆ ಫೀಸೆಷ್ಟು ಅಂತ ಕೇಳಿಕೊಂಡು ಬರುತ್ತಾರೆ. ನಾನು ಮಾಡುವುದು ಪಾಠ ಹೇಳದ ಕೋಚಿಂಗ್. ಎದುರಿಗಿರುವವರ ತೊಡಕನ್ನು ಅವರೇ ಬಿಡಿಸಿಕೊಳ್ಳುವ ಹಾಗೆ ಪ್ರಶ್ನೆ ಕೇಳುವುದು, ಕೇಳಿ ಸುಮ್ಮನಿರುವುದು. ಈ ಎರಡನೆಯದೇ ಕಷ್ಟ.

ಔಟರ್ ರಿಂಗ್ ರೋಡಿನ ಒಂದು ಕಂಪನಿಯ ಟೀಮ್ ಲೀಡ್ ಒಬ್ಬರು ಬರುತ್ತಿದ್ದರು. ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತಿದ್ದೇನೆ. ತಂಡದ ಕೆಲಸವನ್ನೆಲ್ಲ ರಾತ್ರಿ ಕೂತು ತಾವೇ ಮುಗಿಸುವವರು. ಮೊದಲೆರಡು ಸೆಷನ್ ಪೂರ್ತಿ ಇಂಗ್ಲಿಷು. ಡೆಲಿಗೇಷನ್, ಬ್ಯಾಂಡ್‌ವಿಡ್ತ್ ಅಂತ ಅಪ್ರೈಸಲ್ ಫಾರ್ಮ್ ಓದಿದ ಹಾಗೆ ಮಾತು. ಮೂರನೆಯ ಸಲ, ಕೆಲಸ ಹಂಚಿಬಿಟ್ಟರೆ ಏನಾಗುತ್ತೆ ಅಂದೆ. ತುಂಬ ಹೊತ್ತು ಬಿಟ್ಟು, "ಕೊಟ್ಬಿಟ್ರೆ ನಂಗೇನ್ ಕೆಲ್ಸ ಉಳಿಯತ್ತೆ ಸಾರ್?" ಅಂದರು. ಕನ್ನಡದಲ್ಲಿ.

ಅಲ್ಲೇ ನಾನು ಎಡವಿದ್ದು. ಸುಮ್ಮನಿರುವುದು ಬಿಟ್ಟು, ಹಾಗಲ್ಲ, ಇನ್ನೂ ದೊಡ್ಡ ಜವಾಬ್ದಾರಿ ಸಿಗುತ್ತೆ ಅಂತ ಸಮಾಧಾನ ಹೇಳತೊಡಗಿದೆ. ಅವರು ಮತ್ತೆ ಇಂಗ್ಲಿಷಿಗೆ ಹೋದರು. ಹೊರಡುವಾಗ, "ನೋಡೋಣ ಸಾರ್." ಈ 'ನೋಡೋಣ'ದ ಅರ್ಥ ನಮ್ಮೂರಲ್ಲಿ ಕೈಸಾಲ ಕೇಳಿದವರಿಗೆಲ್ಲ ಗೊತ್ತು.

ಕುಡಿತದ ಚಿಕಿತ್ಸೆ ಮಾಡುತ್ತಿದ್ದ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ 1983ರಲ್ಲೇ ಇದರ ಬಗ್ಗೆ ಬರೆದಿದ್ದರು. ಬಿಡಬೇಕೋ ಬೇಡವೋ ಎಂಬ ಇಬ್ಬಂದಿಯಲ್ಲಿರುವವರ ಮುಂದೆ ನೀವು 'ಬಿಡಿ' ಎಂದು ವಾದಕ್ಕೆ ನಿಂತರೆ, ಅವರ ಪಾಲಿಗೆ ಉಳಿಯುವುದು 'ಬಿಡಲ್ಲ' ಎಂಬ ವಾದ ಮಾತ್ರ. ವಾದಿಸುತ್ತ ವಾದಿಸುತ್ತ ಅದನ್ನೇ ನಂಬುತ್ತಾರೆ. 2003ರಲ್ಲಿ ಪಾಲ್ ಆಮ್ರೈನ್ ಮತ್ತು ಸಂಗಡಿಗರು ಇನ್ನೂ ಸೂಕ್ಷ್ಮವಾಗಿ ನೋಡಿದರು. ಮಾದಕ ವಸ್ತು ಬಿಡಲು ಬಂದವರ ಮಾತುಕತೆಯನ್ನು ದಾಖಲಿಸಿ, ಮಾತನ್ನು ಬಗೆಬಗೆಯಾಗಿ ವಿಂಗಡಿಸಿದರು: ಆಸೆ, ಸಾಮರ್ಥ್ಯ, ಕಾರಣ, ಅಗತ್ಯ, ಕೊನೆಗೆ ಬದ್ಧತೆ. ಮುಂದೆ ಯಾರು ನಿಜವಾಗಿ ಬಿಟ್ಟರು ಎಂಬುದಕ್ಕೆ ನೇರ ಸುಳಿವು ಕೊಟ್ಟದ್ದು ಆಸೆಯ ಮಾತಲ್ಲ, ಅಗತ್ಯದ ಮಾತೂ ಅಲ್ಲ. ಮಾತುಕತೆ ಮುಗಿಯುವ ಹೊತ್ತಿಗೆ ಬದ್ಧತೆಯ ಮಾತು ಎಷ್ಟು ಗಟ್ಟಿಯಾಗುತ್ತಾ ಹೋಯಿತು ಎಂಬುದು. ಉಳಿದ ನಾಲ್ಕು ಅಲ್ಲಿಗೆ ಹತ್ತಿಸುವ ಮೆಟ್ಟಿಲು. ವ್ಯಸನದ ಸಂಶೋಧನೆಯನ್ನು ಆಫೀಸಿನ ಮಾತಿಗೆ ಹಾಗೇ ಅಂಟಿಸುವುದು ಸರಿಯಲ್ಲ, ಒಪ್ಪುತ್ತೇನೆ. ಆದರೂ ಅದನ್ನು ಓದಿದ ಮೇಲೆ ನನ್ನ ಕಿವಿ ಕ್ರಿಯಾಪದದ ಕಡೆ ತಿರುಗಿತು.

ಕನ್ನಡದಲ್ಲಿ ಇದು ಇನ್ನೂ ಚೆನ್ನಾಗಿ ಕೇಳಿಸುತ್ತದೆ. 'ಮಾಡ್ಬೇಕು' ಅನ್ನಿ: ನಾನು ಮಾಡ್ಬೇಕು, ನೀನು ಮಾಡ್ಬೇಕು, ಸರ್ಕಾರ ಮಾಡ್ಬೇಕು. ಯಾರಿಗಾದರೂ ಅದೇ ರೂಪ. ಮಾಡುವವರು ಪದದ ಒಳಗಿಲ್ಲ. 'ಆಗಲ್ಲ'ದಲ್ಲೂ ಇಲ್ಲ. 'ಮಾಡ್ತೀನಿ' ಅಂದಾಗ ಮಾತ್ರ, 'ನಾನು' ಅನ್ನದಿದ್ದರೂ ನಾನು ಒಳಗೆ ಬಂದು ಕೂತಿರುತ್ತೇನೆ. ವ್ಯಾಕರಣದ ಮೇಷ್ಟ್ರು ಶಾಲೆಯಲ್ಲಿ ಇದನ್ನು ಬೆತ್ತ ಹಿಡಿದು ಕಲಿಸಿದ್ದರು. ಉಪಯೋಗಕ್ಕೆ ಬಂದದ್ದು ನಲವತ್ತು ದಾಟಿದ ಮೇಲೆ. ಹಾಗಂತ ಬಾಯಿಂದ ಬಂದ 'ತೀನಿ'ಯೆಲ್ಲ ನಿಜವಲ್ಲ. ನನ್ನನ್ನು ಸಾಗಹಾಕಲಿಕ್ಕೂ "ಮಾಡ್ತೀನಿ ಬಿಡಿ ಸಾರ್" ಅನ್ನುವವರಿದ್ದಾರೆ. ಅದರ ಪಕ್ಕದಲ್ಲಿ ಒಂದು ದಿನ, ಒಂದು ಹೆಸರು ಇದೆಯೇ ಅಂತ ನೋಡುತ್ತೇನೆ.

ಐದನೆಯ ಸೆಷನ್ನಿನಲ್ಲಿ ಅವರು, "ಕೊಡ್ಬೇಕು ಸಾರ್, ಗೊತ್ತು" ಅಂದರು. ಈ ಸಲ ನಾನು ಬಾಯಿ ಬಿಡಲಿಲ್ಲ. ಫ್ಯಾನಿನ ಸದ್ದು ಕೇಳುತ್ತಾ ಕೂತೆವು. "ಸೋಮವಾರದ ರಿಲೀಸ್ ಕಾಲ್ ನಮ್ ಟೀಮಿನ ಹುಡುಗಿ ಒಬ್ಳಿದಾಳೆ, ಅವ್ಳೇ ನಡೆಸ್ಲಿ. ನಾನು ಮ್ಯೂಟ್‌ನಲ್ಲಿ ಇರ್ತೀನಿ." ಮತ್ತೆ ಸ್ವಲ್ಪ ಹೊತ್ತಿಗೆ, "ಇಲ್ಲ, ಕಾಲ್‌ಗೇ ಹೋಗಲ್ಲ."

ಹೋಗಿದ್ದರಂತೆ. ಹತ್ತು ನಿಮಿಷ ಇದ್ದು, ಲ್ಯಾಪ್‌ಟಾಪ್ ಮುಚ್ಚಿ, ಕೆಳಗಿಳಿದು ಟೀ ಕುಡಿದು ಬಂದರಂತೆ.